ಕಾರಿಗೆ ತೂತು ಕೊರೆಯದೆ, ಪೇಂಟು ಕೆಡಿಸದೆ ಹೊರಗಿನ ಸಾಮಾನು ಹಾಕಿಸುವುದು ಹೇಗೆ?

ಕಡಲತಡಿ, ಕುಂದಾಪುರ (ಮೇ 4)

ಎಲ್ಲರಿಗೂ ನಮಸ್ಕಾರ. ಈ ತಿಂಗಳ ಕೊನೆಗೆ ನಮ್ಮ ಹೊಸ ಕಾರು ಮನೆಗೆ ಬರುತ್ತದೆ. ಬಿಳಿ ಬಣ್ಣದ ಹ್ಯಾಚ್‌ಬ್ಯಾಕ್. ಖುಷಿಯ ಜೊತೆ ಒಂದು ಹೆದರಿಕೆಯೂ ಇದೆ. ಅದನ್ನೇ ಕೇಳೋಣ ಅಂತ ಬರೆಯುತ್ತಿದ್ದೇನೆ.

ಹಳೆಯ ಕಾರು ತಂದಾಗ ನನಗೆ ಏನೂ ಗೊತ್ತಿರಲಿಲ್ಲ. ಒಂದು ಅಂಗಡಿಯಲ್ಲಿ ಬಿಟ್ಟು, ಚಕ್ರದ ಹಿಂದೆ ಕೆಸರು ತಡೆಯುವ ಮಡ್ ಫ್ಲ್ಯಾಪ್, ಬಾಗಿಲ ಪಕ್ಕಕ್ಕೆ ಬೀಡಿಂಗ್ ಪಟ್ಟಿ, ಹಿಂದೆ ಡಿಕ್ಕಿಗೆ ರೆಕ್ಕೆಯಂಥ ಸ್ಪಾಯ್ಲರ್ ಹಾಕಿ ಅಂದೆ. ಸಂಜೆ ಹೋಗಿ ನೋಡಿದಾಗ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದಿನ ಚಕ್ರದ ಮೇಲಿನ ಅಂಚಿನಲ್ಲಿ ಪೇಂಟು ಗುಳ್ಳೆ ಎದ್ದಿತು. ಉಗುರಿನಿಂದ ಕೆರೆದರೆ ಅಡಿಯಲ್ಲಿ ಕೆಂಪು ಪುಡಿ. ಫ್ಲ್ಯಾಪ್ ಬಿಚ್ಚಿಸಿದ ಮೇಲೆ ವಿಷಯ ತಿಳಿಯಿತು. ತಗಡಿಗೇ ಡ್ರಿಲ್ ಹೊಡೆದು ಸ್ಕ್ರೂ ಬಿಗಿದಿದ್ದರು, ಒಂದೊಂದು ಕಡೆ ಮೂರು ತೂತು. ಡಿಕ್ಕಿ ಬಾಗಿಲಿನಲ್ಲಿ ಸ್ಪಾಯ್ಲರಿಗೆ ಇನ್ನೆರಡು. ಅಲ್ಲಿಂದ ನೀರು ಇಳಿದು ಸ್ಟೆಪ್ನಿ ಇಡುವ ಗುಂಡಿಯಲ್ಲಿ ನಿಂತಿತ್ತು. ನಮ್ಮದು ಸಮುದ್ರದ ಉಪ್ಪು ಗಾಳಿಯ ಊರು. ತುಕ್ಕು ಒಂದು ಸಲ ಒಳಗೆ ಹೊಕ್ಕರೆ ಬಿಡುವುದಿಲ್ಲ. ನಾಲ್ಕನೇ ವರ್ಷ ಎರಡೂ ಕಡೆ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿಸಬೇಕಾಯಿತು.

ಈ ಸಲ ಒಂದು ತೂತೂ ಬೇಡ ಅಂತ ತೀರ್ಮಾನ ಮಾಡಿದ್ದೇನೆ. ಆದರೆ ಕೆಲವು ಸಾಮಾನು ಬೇಕೇ ಬೇಕು. ಮಳೆಯಲ್ಲಿ ಗಾಜು ಸ್ವಲ್ಪ ಇಳಿಸಿಕೊಂಡು ಹೋಗಲು ಕಿಟಕಿಯ ಮೇಲೆ ಸೂರಿನ ಹಾಗೆ ಕೂರುವ ಡೋರ್ ವೈಸರ್, ನಾಲ್ಕು ಮಡ್ ಫ್ಲ್ಯಾಪ್, ಪಕ್ಕಕ್ಕೆ ಬೀಡಿಂಗ್. ವರ್ಷಕ್ಕೆ ಮೂರು ನಾಲ್ಕು ಸಲ ಶಿರಸಿ ಕಡೆ ಹೆಂಡತಿ ಮನೆಗೆ ಹೋಗಿ ಬರುವಾಗ ಅಕ್ಕಿ, ತೆಂಗಿನಕಾಯಿ, ಹಲಸು ಅಂತ ಸಾಮಾನು ಜಾಸ್ತಿ ಆಗುತ್ತದೆ, ಅದಕ್ಕೆ ಮೇಲೊಂದು ಕ್ಯಾರಿಯರ್. ಬರೀ ಡಬಲ್ ಟೇಪಿನಲ್ಲಿ ಅಂಟಿಸಿದ್ದು ನಮ್ಮ ಜಡಿಮಳೆಯಲ್ಲಿ ನಿಲ್ಲುತ್ತದಾ? ಮುಂದೆ ಕೀಳುವಾಗ ಪೇಂಟು ಕಿತ್ತು ಬರುವುದಿಲ್ವಾ? ಅನುಭವ ಇರುವವರು ದಯವಿಟ್ಟು ಹೇಳಿ.

ಬೆಂಗಳೂರು ದಕ್ಷಿಣ (ಮೇ 4)

ಶೋರೂಮಿನಲ್ಲೇ ಕಂಪನಿ ಸಾಮಾನು ಹಾಕಿಸಿಬಿಡಿ ಸಾರ್. ಇಲ್ಲಿನ ಜೆ.ಸಿ. ರೋಡಿನ ಕಾರು ಸಾಮಾನಿನ ಅಂಗಡಿಗಳಿಗಿಂತ ದುಡ್ಡು ಜಾಸ್ತಿ, ಆದರೆ ಆ ಮಾಡೆಲಿಗೆ ಅಂತಲೇ ಮಾಡಿರುತ್ತಾರೆ, ಅಳತೆ ಸರಿ ಕೂರುತ್ತದೆ.

ಟಿಂಕರಿಂಗ್ ಶೆಡ್, ತುಮಕೂರು (ಮೇ 4)

ಸಾಮಾನು ಕಂಪನಿಯದೇ ತಗೊಳ್ಳಿ, ಒಪ್ಪುತ್ತೇನೆ. ಆದರೆ ಹಾಕುವಾಗ ಮಾತ್ರ ಪಕ್ಕದಲ್ಲೇ ನಿಂತುಕೊಳ್ಳಿ. ಶೋರೂಮಿನಲ್ಲೂ ಎಷ್ಟೋ ಕಡೆ ಹಾಕುವವರು ಹೊರಗಿನಿಂದ ಬರುವ ಹುಡುಗರು. ಅವರಿಗೆ ದಿನಕ್ಕೆ ಹತ್ತು ಕಾರು ಮುಗಿಸಬೇಕು. ಡ್ರಿಲ್ ಹೊಡೆದರೆ ಐದು ನಿಮಿಷ, ಕ್ಲಿಪ್ ಹುಡುಕಿ ಹಾಕಿದರೆ ಇಪ್ಪತ್ತು ನಿಮಿಷ. ಅವರನ್ನೂ ತೀರಾ ಬೈಯುವ ಹಾಗಿಲ್ಲ. "ಬಾಡಿಗೆ ಡ್ರಿಲ್ ಬೇಡ" ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ.

ನಾನು ಪೇಂಟಿಂಗ್ ಕೆಲಸದವನು. ತೂತು ಯಾಕೆ ಇಷ್ಟು ಕೆಟ್ಟದ್ದು ಅಂತ ಹೇಳುತ್ತೇನೆ. ಕಾರಿನ ಪೇಂಟು ಎಲ್ಲ ಪದರ ಸೇರಿ 100ರಿಂದ 140 ಮೈಕ್ರಾನ್ ಅಷ್ಟೇ. ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಒಂಚೂರು ಜಾಸ್ತಿ. ಅದರಲ್ಲಿ ಬಣ್ಣ ಮತ್ತು ಮೇಲಿನ ಕ್ಲಿಯರ್ ಕೋಟ್ ಹೊಳಪಿಗೆ. ತುಕ್ಕು ತಡೆಯುವುದು ಎಲ್ಲಕ್ಕಿಂತ ಕೆಳಗಿನ ಪದರ. ಫ್ಯಾಕ್ಟರಿಯಲ್ಲಿ ಇಡೀ ಬಾಡಿಯನ್ನು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ ಪ್ರೈಮರ್ ಹತ್ತಿಸುತ್ತಾರೆ. ಆಮೇಲೆ ಒಲೆಯಲ್ಲಿ ಬೇಯಿಸುತ್ತಾರೆ. ಒಳಮೂಲೆ, ಮಡಿಕೆ, ಸಂದು, ಎಲ್ಲ ಕಡೆಗೂ ಅದು ಹೋಗುತ್ತದೆ. ನನ್ನ ಶೆಡ್ಡಿನಲ್ಲಿ ಏನೇ ಮಾಡಿದರೂ ಅದನ್ನು ಮತ್ತೆ ತರಲು ಆಗುವುದಿಲ್ಲ.

ಡ್ರಿಲ್ ಹೊಡೆದಾಗ ತೂತಿನ ಅಂಚಿನಲ್ಲಿ ಬೋಳು ಕಬ್ಬಿಣ ಉಳಿಯುತ್ತದೆ. ಸ್ಕ್ರೂ ಅಲ್ಲಾಡಿದಷ್ಟೂ ಅದು ಉಜ್ಜಿ ಉಜ್ಜಿ ದೊಡ್ಡದಾಗುತ್ತದೆ. ಚಕ್ರ ಎರಚುವ ಕೆಸರು ಫ್ಲ್ಯಾಪಿನ ಹಿಂದೆ ಸೇರಿ ಒದ್ದೆಯಾಗೇ ಇರುತ್ತದೆ. ಇನ್ನೊಂದು ವಿಷಯ ಯಾರೂ ನೋಡುವುದಿಲ್ಲ. ಡ್ರಿಲ್ಲಿನಿಂದ ಬೀಳುವ ಬಿಸಿ ಕಬ್ಬಿಣದ ಪುಡಿ ಅಕ್ಕಪಕ್ಕದ ಪೇಂಟಿನ ಮೇಲೆ, ಬಾಗಿಲಿನ ಸಂದಿನಲ್ಲಿ ಕೂತು ಅಲ್ಲೂ ಚುಕ್ಕೆ ಚುಕ್ಕೆ ತುಕ್ಕು ಹಿಡಿಸುತ್ತದೆ.

ಮಡ್ ಫ್ಲ್ಯಾಪಿಗೆ ಟೇಪೂ ಬೇಡ, ತೂತೂ ಬೇಡ. ಚಕ್ರದ ಮೇಲೆ ಒಳಗಡೆ ಕಪ್ಪು ಪ್ಲಾಸ್ಟಿಕ್ ಲೈನರ್ ಇರುತ್ತದಲ್ಲ, ಅದನ್ನು ಹಿಡಿದಿರುವ ಸ್ಕ್ರೂ ಮತ್ತು ಕ್ಲಿಪ್ ನೋಡಿ. ನಿಮ್ಮ ಮಾಡೆಲಿಗೆ ಅಂತ ಮಾಡಿದ ಫ್ಲ್ಯಾಪಿನ ತೂತುಗಳು ಹೆಚ್ಚಾಗಿ ಅವಕ್ಕೇ ಸರಿಯಾಗಿ ಬರುತ್ತವೆ. ಆ ಸ್ಕ್ರೂ ಬಿಚ್ಚಿ, ಫ್ಲ್ಯಾಪ್ ನಡುವೆ ಇಟ್ಟು, ಸ್ವಲ್ಪ ಉದ್ದದ ಸ್ಕ್ರೂ ಹಾಕಿದರೆ ಮುಗಿಯಿತು. ಚಕ್ರವನ್ನು ಪೂರ್ತಿ ಒಂದು ಕಡೆ ತಿರುಗಿಸಿದರೆ ಕೈ ಹೋಗುತ್ತದೆ. ಎಲ್ಲ ಕಾರಿಗೂ ಹೊಂದುತ್ತದೆ ಅಂತ ಮಾರುವ ರಬ್ಬರ್ ಹಾಳೆ ತಂದಿರೋ, ಅಲ್ಲಿಗೆ ಡ್ರಿಲ್ ಬಂತು ಅಂತಲೇ ಲೆಕ್ಕ.

ಮೊದಲ ಕಾರು, ಮೈಸೂರು (ಮೇ 5)

ಅಣ್ಣ, ಈಗಾಗಲೇ ತೂತು ಬಿದ್ದಿದ್ದರೆ ಏನು ಮಾಡಬೇಕು? ನಾನು ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದೇನೆ. ಹಿಂದಿನವರು ಫ್ಲ್ಯಾಪ್ ಹಾಕಿಸಿ ತೆಗೆದಿದ್ದಾರೆ. ನಾಲ್ಕು ತೂತು ಹಾಗೇ ಇವೆ.

ಟಿಂಕರಿಂಗ್ ಶೆಡ್, ತುಮಕೂರು (ಮೇ 5)

ತಡ ಮಾಡಬೇಡಿ ತಂಗಿ, ಮಳೆಗೆ ಮುಂಚೆ ಮುಗಿಸಿ. ಮೊದಲು ಸಣ್ಣ ಅರದಿಂದ ತೂತಿನ ಅಂಚು ನಯ ಮಾಡಿಸಿ, ಕೆಂಪು ಕಾಣದ ಹಾಗೆ ತುಕ್ಕು ಪೂರ್ತಿ ತೆಗೆಸಿ. ಜಿಂಕ್ ಇರುವ ಪ್ರೈಮರನ್ನು ಸಣ್ಣ ಬ್ರಷ್‌ನಲ್ಲಿ ತೂತಿನ ಒಳಗೂ, ಹಿಂದೆಯೂ ಹಚ್ಚಿ. ಒಣಗಿದ ಮೇಲೆ ಟಚ್ ಅಪ್ ಪೇಂಟ್. ಕೊನೆಗೆ ರಬ್ಬರ್ ಗ್ರೊಮೆಟ್, ಅಂದರೆ ತೂತಿನ ಬಿರಡೆ, ಒತ್ತಿ ಮುಚ್ಚಿ. ಬರೀ ಎಂ-ಸೀಲ್ ಮೆತ್ತಿ ಕಳಿಸುವವರಿದ್ದಾರೆ. ಅಡಿಯಲ್ಲಿ ತುಕ್ಕು ಹಾಗೇ ಬೆಳೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಅಂಟಿನ ಲೆಕ್ಕ, ಪೀಣ್ಯ (ಮೇ 5)

ಟೇಪಿನ ಬಗ್ಗೆ ನಾನು ಹೇಳುತ್ತೇನೆ. ಕಾರ್ಖಾನೆಗಳಿಗೆ ಅಂಟು ಟೇಪು ಕೊಡುವ ಕೆಲಸದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಉದ್ದ ಆಗುತ್ತದೆ, ಕ್ಷಮಿಸಿ. ಆದರೆ ಇದನ್ನು ಅರ್ಧ ಮಾತ್ರ ತಿಳಿದು ಮಾಡಿದವರೇ ಟೇಪು ನಿಲ್ಲುವುದಿಲ್ಲ ಅಂತ ಹೇಳಿಕೊಂಡು ಓಡಾಡುತ್ತಾರೆ.

ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಿಳಿ ಸ್ಪಂಜಿನ ಡಬಲ್ ಟೇಪು ಬೇರೆ, ಕಾರಿಗೆ ಬಳಸುವ ಅಕ್ರಿಲಿಕ್ ಫೋಮ್ ಟೇಪು ಬೇರೆ. 3ಎಂ ಕಂಪನಿ 1980ರಲ್ಲಿ ವಿಎಚ್‌ಬಿ ಅಂತ ಈ ಜಾತಿಯ ಟೇಪು ತಂದಿತು. ಈಗ ಬೇರೆ ಕಂಪನಿಗಳೂ ಮಾಡುತ್ತವೆ. ಇದರಲ್ಲಿ ಫೋಮೂ ಅಂಟಿನ ಜಾತಿಯದೇ. ಹಾಗಾಗಿ ತಗಡು ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿದರೂ ಅದು ಜೊತೆಗೇ ಎಳೆದುಕೊಂಡು ಹೋಗುತ್ತದೆ. ಸ್ಪಂಜಿನ ಟೇಪು ಮಾತ್ರ ನೀರು ಕುಡಿದು ಒಂದೇ ಮಳೆಗಾಲದಲ್ಲಿ ಬೂದಿಯ ಹಾಗೆ ಉದುರುತ್ತದೆ.

ಎಷ್ಟು ಟೇಪು ಬೇಕು? ಒಂದು ಕಿಲೋ ತೂಕಕ್ಕೆ ಸುಮಾರು 55 ಚದರ ಸೆಂಟಿಮೀಟರ್ ಅಂತ ನಾವು ಲೆಕ್ಕ ಹಿಡಿಯುತ್ತೇವೆ. ಒಂದು ವೈಸರ್ 150 ಗ್ರಾಂ ಇದೆ ಅಂದುಕೊಳ್ಳಿ. ಅದಕ್ಕೆ 8 ಚದರ ಸೆಂಟಿಮೀಟರ್ ಸಾಕು. ಆದರೆ ಅದರ ಮೇಲೆ 1 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಉದ್ದ ಟೇಪು ಇದ್ದರೆ 60 ಚದರ ಸೆಂಟಿಮೀಟರ್ ಆಯಿತು. ಬೇಕಾದ್ದಕ್ಕಿಂತ ಏಳು ಪಟ್ಟು. ಹಾಗಿದ್ದರೂ ಯಾಕೆ ಬಿಚ್ಚಿಕೊಳ್ಳುತ್ತದೆ? ನಾನು ನೋಡಿದ ಮಟ್ಟಿಗೆ ಕೊಳೆ, ಒತ್ತಡ, ಸಮಯ, ಈ ಮೂರರಲ್ಲೇ ತಪ್ಪಾಗಿರುತ್ತದೆ.

ಮೊದಲು ಕೊಳೆ. ಹೊಸ ಕಾರು ಥಳಥಳ ಹೊಳೆಯುತ್ತಿದೆ ಅಂದರೆ ಅದರ ಮೇಲೆ ವ್ಯಾಕ್ಸ್ ಇದೆ ಅಂತ ಅರ್ಥ. ಡೆಲಿವರಿಗೆ ಮುಂಚೆ ಶೋರೂಮಿನವರು ಪಾಲಿಶ್ ಹೊಡೆದಿರುತ್ತಾರೆ. ಟೇಪು ಹಿಡಿಯುವುದು ಆ ವ್ಯಾಕ್ಸನ್ನು, ಪೇಂಟನ್ನಲ್ಲ. ಶಾಂಪೂ ಹಾಕಿ ತೊಳೆದು, ಒಣಗಿಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಅರ್ಧ, ನೀರು ಅರ್ಧ ಬೆರೆಸಿ ಶುದ್ಧ ಬಟ್ಟೆಯಲ್ಲಿ ಒರೆಸಿ. ಒಂದೇ ದಿಕ್ಕಿಗೆ ಒರೆಸಬೇಕು. ಒದ್ದೆ ಇರುವಾಗಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿಬಿಡಿ, ಇಲ್ಲದಿದ್ದರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಕೂರುತ್ತದೆ. ಸ್ಯಾನಿಟೈಸರ್ ಜೆಲ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಸರ್ಜಿಕಲ್ ಸ್ಪಿರಿಟ್ ಕೆಲವದರಲ್ಲಿ ಎಣ್ಣೆ ಬೆರೆತಿರುತ್ತದೆ, ಅದೂ ಬೇಡ. ಒರೆಸಿದ ಜಾಗವನ್ನು ಮತ್ತೆ ಬೆರಳಿನಿಂದ ಮುಟ್ಟಬೇಡಿ.

ಆಮೇಲೆ ಒತ್ತಡ. ಈ ಅಂಟು ಒತ್ತಿದರೇನೇ ಪೇಂಟಿನ ಸಣ್ಣ ಸಣ್ಣ ಕುಳಿಗಳಿಗೆ ಇಳಿಯುತ್ತದೆ. ಅಂಗೈಯಲ್ಲಿ ಸವರಿ ಬಿಟ್ಟರೆ ಆಗಲ್ಲ. ಹೆಬ್ಬೆರಳಿನಲ್ಲಿ, ಒಂದು ತುದಿಯಿಂದ ಇನ್ನೊಂದು ತುದಿಗೆ, ಇಂಚು ಇಂಚಾಗಿ ಬಲವಾಗಿ ಒತ್ತಿ.

ಕೊನೆಯದು ಸಮಯ. ಹೆಚ್ಚಿನವರು ತಪ್ಪುವುದು ಇಲ್ಲೇ. ಅಂಟಿಸಿದ 20 ನಿಮಿಷಕ್ಕೆ ಅರ್ಧ ಬಲ ಬರುತ್ತದೆ. 24 ಗಂಟೆಗೆ ನೂರಕ್ಕೆ ತೊಂಬತ್ತು. ಪೂರ್ತಿ ಬಲಕ್ಕೆ 72 ಗಂಟೆ, ಅಂದರೆ ಮೂರು ದಿನ. ಅಂಟಿಸುವಾಗ ತಗಡಿನ ಬಿಸಿ 21ರಿಂದ 38 ಡಿಗ್ರಿ ಇದ್ದರೆ ಒಳ್ಳೆಯದು. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಬಿಸಿಲಿಗೆ ನಿಂತ ಕಾರಿಗೆ ಅಂಟಿಸಬೇಡಿ, ನೆರಳಿಗೆ ತಂದು ತಣ್ಣಗಾಗಲು ಬಿಡಿ. ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲಾದರೆ ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿಕೊಳ್ಳಿ. ಅಂಟಿಸಿದ ಮೂರು ದಿನ ಕಾರು ತೊಳೆಯಬೇಡಿ, ಹೈವೇಗೆ ಹೋಗಬೇಡಿ.

ಪೇಂಟ್ ಮಾಡದ ಕಪ್ಪು ಪ್ಲಾಸ್ಟಿಕ್ ಮೇಲೆ, ಅಂದರೆ ಬಂಪರಿನ ಕೆಳಭಾಗ, ಚಕ್ರದ ಸುತ್ತಿನ ಪಟ್ಟಿ, ಇವುಗಳ ಮೇಲೆ ಟೇಪು ಸುಲಭಕ್ಕೆ ಹಿಡಿಯುವುದಿಲ್ಲ. ಬಹಳಷ್ಟು ಪಾಲಿಪ್ರೊಪಿಲೀನ್ ಜಾತಿಯವು. ಅದರ ಮೇಲೆ ನೀರು ಹೇಗೆ ನಿಲ್ಲುವುದಿಲ್ಲವೋ ಅಂಟೂ ಹಾಗೇ. ಅದಕ್ಕೆ ಅಂತ ಪ್ರೈಮರ್ ಬರುತ್ತದೆ, ತೆಳುವಾಗಿ ಹಚ್ಚಿ ಒಣಗಿದ ಮೇಲೆ ಅಂಟಿಸಬೇಕು. ಆದರೆ ಪ್ರೈಮರ್ ಪೇಂಟಿನ ಮೇಲೆ ಬಿದ್ದರೆ ಕಲೆ ಉಳಿಯುತ್ತದೆ. ಎಚ್ಚರ.

ಹುಬ್ಬಳ್ಳಿ ಹೈವೇ (ಮೇ 6)

ಪೀಣ್ಯದ ಸರ್, ಕೈ ಮುಗಿಯುತ್ತೇನೆ ರೀ. ಇಷ್ಟು ವರ್ಷ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ನನ್ನ ಬೀಡಿಂಗ್ ಎರಡು ಸಲ ಬಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತು. ಅಂಟಿಸಿದ ಕೂಡಲೇ ವಾಟರ್ ವಾಶ್ ಮಾಡಿ ಕೊಟ್ಟಿದ್ದರು.

ಆದರೆ ಒಂದು ಪ್ರಶ್ನೆ. ತಿರುವು ಇರುವ ಜಾಗದಲ್ಲಿ ವೈಸರಿನ ತುದಿ ಮಾತ್ರ ಯಾಕೆ ಏಳುತ್ತದೆ?

ಅಂಟಿನ ಲೆಕ್ಕ, ಪೀಣ್ಯ (ಮೇ 6)

ಗಾಯದ ಪಟ್ಟಿ ಕೀಳುವುದನ್ನು ನೆನಪಿಸಿಕೊಳ್ಳಿ. ಚರ್ಮಕ್ಕೆ ಸಮವಾಗಿ ಎಳೆದರೆ ಬರುವುದಿಲ್ಲ. ಮೂಲೆ ಎಬ್ಬಿಸಿದರೆ ಸರಕ್ಕನೆ ಬರುತ್ತದೆ. ಟೇಪೂ ಹಾಗೇ. ಪಕ್ಕಕ್ಕೆ ಎಳೆದರೆ ಗಟ್ಟಿ, ತುದಿಯಿಂದ ಸುಲಿದರೆ ಸೋಲುತ್ತದೆ. ವೈಸರಿನ ಬಾಗು ಬಾಗಿಲಿನ ಬಾಗಿಗೆ ಹೊಂದದಿದ್ದರೆ ಅದು ಸ್ಪ್ರಿಂಗಿನ ಹಾಗೆ ಹಗಲೂ ರಾತ್ರಿ ತನ್ನನ್ನೇ ಸುಲಿದುಕೊಳ್ಳುತ್ತಿರುತ್ತದೆ. ಟೇಪಿನ ಹಾಳೆ ತೆಗೆಯುವ ಮೊದಲು ಒಮ್ಮೆ ಸುಮ್ನೆ ಇಟ್ಟು ನೋಡಿ. ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಕೂರುತ್ತದೆ ಅಂದರೆ ಆ ವೈಸರ್ ವಾಪಸ್ ಕೊಡಿ. ಸ್ವಲ್ಪವೇ ವ್ಯತ್ಯಾಸ ಇದ್ದರೆ ಬಿಸಿ ಗಾಳಿ ಹಿಡಿದು ನಿಧಾನವಾಗಿ ಬಗ್ಗಿಸಬಹುದು.

ಮೊದಲ ಕಾರು, ಮೈಸೂರು (ಮೇ 6)

ವೈಸರಿಗೆ ಟೇಪೇ ಬೇಡ, ಗಾಜಿನ ಚಾನೆಲ್ ಒಳಗೇ ಸಿಕ್ಕಿಸುವುದು ಬರುತ್ತದೆ ಅಂತ ಅಂಗಡಿಯವರು ಹೇಳಿದರು. ಅದು ಹೇಗೆ?

ಮಲೆನಾಡ ಹಾದಿ, ಕೊಪ್ಪ (ಮೇ 6)

ನಾನು ಅದನ್ನೇ ಹಾಕಿದ್ದೇನೆ, ಮೂರು ಮಳೆಗಾಲ ಆಯಿತು. ಗಾಜು ಮೇಲೆ ಹೋಗಿ ಕೂರುವ ರಬ್ಬರಿನ ಸಂದು ಇದೆಯಲ್ಲ, ಅದರೊಳಗೆ ವೈಸರಿನ ತೆಳು ಅಂಚು ಸೇರಿಸುವುದು. ಪೇಂಟಿಗೆ ಏನೂ ತಾಗುವುದಿಲ್ಲ. ಹೊರಗೆ ಕಡಿಮೆ ಚಾಚಿರುವುದರಿಂದ ಗಾಳಿಯ ಸದ್ದೂ ಕಡಿಮೆ. ಒಂದೇ ತೊಂದರೆ, ಮೊದಲ ಕೆಲವು ದಿನ ಗಾಜು ಬಿಗಿಯಾಗುತ್ತದೆ. ಏನಾದರೂ ಸಿಕ್ಕಿಕೊಂಡರೆ ತಾನೇ ಇಳಿಯುವ ಪವರ್ ವಿಂಡೋ ಇದ್ದರೆ, ವೈಸರನ್ನೇ ಯಾರದೋ ಬೆರಳು ಅಂದುಕೊಂಡು ಗಾಜು ವಾಪಸ್ ಇಳಿದುಬಿಡುತ್ತದೆ. ಗಾಜು ಪೂರ್ತಿ ಏರಿಸಿ ಒಂದೆರಡು ರಾತ್ರಿ ಹಾಗೇ ಬಿಟ್ಟೆ, ರಬ್ಬರ್ ಒಗ್ಗಿಕೊಂಡಿತು. ದಪ್ಪ ಅಂಚಿನ ಅಗ್ಗದ ವೈಸರ್ ತಂದರೆ ಅದು ಯಾವತ್ತೂ ಒಗ್ಗುವುದಿಲ್ಲ.

ಹುಬ್ಬಳ್ಳಿ ಹೈವೇ (ಮೇ 7)

ಕುಂದಾಪುರದವರು ಕ್ಯಾರಿಯರ್ ಕೇಳಿದ್ದರು. ಇದನ್ನು ಮಾತ್ರ ದಯವಿಟ್ಟು ಗಮನವಿಟ್ಟು ಓದಿ.

ನಮ್ಮ ದೊಡ್ಡಪ್ಪನ ಕಾರಿನ ಮೇಲೆ ಬೆಳ್ಳಿ ಬಣ್ಣದ ರೂಫ್ ರೈಲ್, ಅಂದರೆ ಚಾವಣಿಯ ಎರಡೂ ಪಕ್ಕ ಉದ್ದಕ್ಕೆ ಕೂರುವ ಸರಳು ಇತ್ತು. ಹೊರಗಿನ ಅಂಗಡಿಯಲ್ಲಿ ಟೇಪಿನಿಂದ ಅಂಟಿಸಿದ್ದು, ಅಂದಕ್ಕೆ ಮಾತ್ರ. ಅದು ಅವರಿಗೆ ಗೊತ್ತಿರಲಿಲ್ಲ. ಮದುವೆಗೆ ಹೋಗುವಾಗ ಎರಡು ಸೂಟ್‌ಕೇಸ್ ಅದಕ್ಕೇ ಹಗ್ಗದಿಂದ ಕಟ್ಟಿದರು. ಬೆಳಗಾವಿ ರಸ್ತೆಯಲ್ಲಿ ಎಡಗಡೆ ರೈಲು ಪೂರ್ತಿ ಕಿತ್ತು ಬಂತು, ಸೂಟ್‌ಕೇಸ್ ರಸ್ತೆಗೆ ಬಿತ್ತು. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಹುಡುಗ ಪಕ್ಕಕ್ಕೆ ತಪ್ಪಿಸಿಕೊಂಡ. ಇವತ್ತಿಗೂ ಅದನ್ನು ನೆನೆದರೆ ಎದೆ ಝಲ್ ಅನ್ನುತ್ತದೆ. ಅಂಟಿಸಿದ ಯಾವುದಕ್ಕೂ ತೂಕ ಕಟ್ಟಬೇಡಿ. ಕಾರಿನ ಜೊತೆಗೇ ಬಂದ ರೈಲಿನಲ್ಲೂ ಬರೀ ಅಂದಕ್ಕಿರುವುದು ಇರುತ್ತದೆ, ಗಾಡಿಯ ಪುಸ್ತಕದಲ್ಲಿ ನೋಡಿಯೇ ಕಟ್ಟಿ.

ಹಾಗಾದರೆ ತೂತಿಲ್ಲದೆ ಕ್ಯಾರಿಯರ್ ಹೇಗೆ? ಹಿಂದೆ ಅಂಬಾಸಿಡರ್, ಓಮ್ನಿಗಳಿಗೆ ಚಾವಣಿಯ ಎರಡೂ ಪಕ್ಕ ಮಳೆನೀರಿನ ದೋಣಿ ಇರುತ್ತಿತ್ತು. ಕ್ಯಾರಿಯರಿನ ಕಾಲು ಅದಕ್ಕೇ ಕಚ್ಚಿಕೊಳ್ಳುತ್ತಿತ್ತು. ಈಗಿನ ಬೋಳು ಚಾವಣಿಗೆ ಬಾಗಿಲು ತೆಗೆದರೆ ಕಾಣುವ ಅಂಚಿಗೆ ಕೊಕ್ಕೆ ಹಾಕಿ ಬಿಗಿಯುವ ಕ್ಲ್ಯಾಂಪ್ ಸಿಗುತ್ತದೆ. ಸ್ವೀಡನ್ನಿನ ಥೂಲೆಯಂಥ ಕಂಪನಿಗಳು ಒಂದೊಂದು ಮಾಡೆಲಿಗೆ ಬೇರೆ ಬೇರೆ ಕಾಲು ಮಾಡುತ್ತವೆ, ಯಾಕೆಂದರೆ ಬಾಗಿಲಂಚಿನ ಆಕಾರ ಬೇರೆ ಬೇರೆ. ಕಾಲಿನ ಅಡಿಯಲ್ಲಿ ರಬ್ಬರ್ ಪ್ಯಾಡ್ ಇರುತ್ತದೆ. ಪ್ಯಾಡಿನ ಕೆಳಗೆ ಒಂದು ಮರಳಿನ ಕಣ ಉಳಿದರೂ ಪೇಂಟು ಗೀರುತ್ತದೆ. ಪ್ರತಿ ಸಲ ಚಾವಣಿಯನ್ನೂ ಪ್ಯಾಡನ್ನೂ ಒರೆಸಿಯೇ ಕೂರಿಸಿ. ಐವತ್ತು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿ ಮಾಡಿ. ಊರಿಂದ ಬಂದ ಮೇಲೆ ಬಿಚ್ಚಿಡಿ.

ಚಾವಣಿ ಎಷ್ಟು ತೂಕ ಹೊರುತ್ತದೆ ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಸಣ್ಣ ಕಾರಿಗೆ 50 ಕಿಲೋ ಅಂತ ಬರೆದಿದ್ದರೆ, ಅದರಲ್ಲಿ ಕ್ಯಾರಿಯರಿನ ತೂಕವೂ ಸೇರಿತು. ಕ್ಯಾರಿಯರೇ 8 ಕಿಲೋ ಇದ್ದರೆ ಸಾಮಾನಿಗೆ ಉಳಿಯುವುದು 42. ಅಕ್ಕಿ ಮೂಟೆ ಒಳಗಿಡಿ, ಹಗುರವಾದ ಬಟ್ಟೆ ಬ್ಯಾಗು ಮೇಲಿಡಿ. ಮೇಲೆ ಭಾರ ಜಾಸ್ತಿ ಆದರೆ ಘಟ್ಟದ ತಿರುವಿನಲ್ಲಿ ಗಾಡಿ ವಾಲುತ್ತದೆ.

ಕಡಲತಡಿ, ಕುಂದಾಪುರ (ಮೇ 7)

ದೇವರು ದೊಡ್ಡವನು, ಆ ಹುಡುಗನಿಗೆ ಏನೂ ಆಗಲಿಲ್ಲವಲ್ಲ. ಹೇಳಿದ್ದು ಒಳ್ಳೆಯದಾಯಿತು ಮಾರಾಯ್ರೆ. ನಾನೂ ಅಂಥದೇ ರೈಲು ಅಂಟಿಸಿ ಅದಕ್ಕೆ ಕಟ್ಟುವ ಯೋಚನೆಯಲ್ಲಿದ್ದೆ.

ಸಕ್ಕರೆ ನಾಡು, ಮಂಡ್ಯ (ಮೇ 8)

ಎಕ್ಸೆಸರಿ ವಿಷಯ ಎಲ್ಲರೂ ಹೇಳಿದ್ದೀರಿ. ನನ್ನ ಕಾರಿನ ಪೇಂಟು ಹಾಳಾದದ್ದು ಎಕ್ಸೆಸರಿಯಿಂದ ಅಲ್ಲ, ಹೂವಿನಿಂದ. ತಮ್ಮನ ಮದುವೆಗೆ ನಮ್ಮ ಕಾರನ್ನೇ ಅಲಂಕಾರಕ್ಕೆ ಕೊಟ್ಟೆವು. ಹೂವಿನವರು ಬಾನೆಟ್ ತುಂಬ ಕಂದು ಬಣ್ಣದ ಪ್ಯಾಕಿಂಗ್ ಟೇಪು ಹಾಕಿ ಹೂ ಅಂಟಿಸಿದರು. ಮದುವೆ ಗಲಾಟೆಯಲ್ಲಿ ಎರಡು ದಿನ ಬಿಸಿಲಲ್ಲೇ ನಿಂತಿತು. ಕಿತ್ತರೆ ಟೇಪು ಬಂತು, ಗಮ್ ಅಲ್ಲೇ ಉಳಿಯಿತು. ಯಾರೋ ಪಾತ್ರೆ ಉಜ್ಜುವ ನಾರಿನಿಂದ ತಿಕ್ಕಿಬಿಟ್ಟರು. ಬಾನೆಟ್ ಮೇಲೆ ಇವತ್ತಿಗೂ ಜೇಡರ ಬಲೆಯ ಹಾಗೆ ಗೀರುಗಳಿವೆ.

ಆಯುಧಪೂಜೆಯಲ್ಲೂ ಇದೇ ಕಥೆ. ಬಾಳೆಕಂದು ಕಟ್ಟುವುದು ಬಂಪರಿಗೆ ಸರಿ, ಆದರೆ ಕಡಿದ ತುದಿಯಿಂದ ಸೋರುವ ಬಾಳೆಕರೆ ಬಟ್ಟೆಗೆ ಹತ್ತಿದರೇ ಹೋಗುವುದಿಲ್ಲ, ಬಿಳಿ ಪೇಂಟಿಗೆ ಹತ್ತಿದರೆ ಬಿಡುತ್ತದಾ? ಅರಿಶಿನ, ಕುಂಕುಮದ್ದೂ ಹಾಗೇ. ಈಗ ನಾನು ಏನು ಮಾಡುತ್ತೇನೆ ಅಂದರೆ, ಕಡಿದ ತುದಿಗೆ ಪ್ಲಾಸ್ಟಿಕ್ ಕವರ್ ಕಟ್ಟುತ್ತೇನೆ. ಕುಂಕುಮವನ್ನು ಗಾಜಿಗೆ ಮತ್ತು ನಂಬರ್ ಪ್ಲೇಟಿನ ಮೂಲೆಗೆ ಇಡುತ್ತೇನೆ, ಪೇಂಟಿನ ಮೇಲೆ ಕುಂಕುಮದ ನೀರು ಹರಿಯಲು ಬಿಡುವುದಿಲ್ಲ. ಹೂವಿನ ಹಾರಕ್ಕೆ ಟೇಪೇ ಬೇಡ. ಬಾನೆಟ್ ಎತ್ತಿ ದಾರದ ಎರಡೂ ತುದಿಯನ್ನು ಒಳಗೆ ಕಟ್ಟಿ, ಬಾನೆಟ್ ಮುಚ್ಚಿದರೆ ಹಾರ ತಾನೇ ನಿಲ್ಲುತ್ತದೆ. ದಾರದ ತುದಿ ಫ್ಯಾನ್, ಬೆಲ್ಟಿನ ಹತ್ತಿರ ನೇತಾಡದ ಹಾಗೆ ನೋಡಿಕೊಳ್ಳಬೇಕು. ಗಾಡಿ ದೂರ ಹೋಗುವುದಿದ್ದರೆ ಮೊದಲು ಬಿಚ್ಚುತ್ತೇನೆ.

ಟೇಪು ಹಾಕಲೇಬೇಕು ಅಂದರೆ ಪೇಂಟರ್‌ಗಳು ಬಳಸುವ ಕಾಗದದ ಮಾಸ್ಕಿಂಗ್ ಟೇಪು ಕೊಡಿ. ಅದನ್ನೂ ಅದೇ ದಿನ ತೆಗೆಯಿರಿ.

ಟಿಂಕರಿಂಗ್ ಶೆಡ್, ತುಮಕೂರು (ಮೇ 8)

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ದಸರಾ ಮುಗಿದ ವಾರ ನನ್ನ ಶೆಡ್ಡಿಗೆ ಗಮ್ ಕಲೆಯ ಗಾಡಿಗಳೇ ಸಾಲುಗಟ್ಟಿ ಬರುತ್ತವೆ. ನಿಮ್ಮ ಬಾನೆಟ್ಟಿನ ಗೀರು ಕ್ಲಿಯರ್ ಕೋಟ್ ಮೇಲಷ್ಟೇ ಇದ್ದರೆ ಮೆಷಿನ್ ಪಾಲಿಶಿನಲ್ಲಿ ಬಹುಪಾಲು ಹೋಗುತ್ತದೆ. ಉಗುರು ಅಡ್ಡ ಎಳೆದು ನೋಡಿ. ಉಗುರಿಗೆ ಸಿಗದಿದ್ದರೆ ಹೋಗುತ್ತದೆ.

ಚಿಕಾಗೋ ಕನ್ನಡಿಗ (ಮೇ 9)

ಇಲ್ಲಿನ ಅನುಭವ ಒಂದು ಸೇರಿಸುತ್ತೇನೆ. ಇಲಿನಾಯ್ಸ್‌ನಲ್ಲಿ ಮುಂದೆಯೂ ಹಿಂದೆಯೂ ನಂಬರ್ ಪ್ಲೇಟ್ ಕಡ್ಡಾಯ. ಪಕ್ಕದ ಇಂಡಿಯಾನಾ, ಮಿಶಿಗನ್‌ನಲ್ಲಿ ಹಿಂದೆ ಮಾತ್ರ. ಹಾಗಾಗಿ ಇಲ್ಲಿಗೆ ಬರುವ ಎಷ್ಟೋ ಕಾರುಗಳ ಮುಂದಿನ ಬಂಪರಿನಲ್ಲಿ ಪ್ಲೇಟಿಗೆ ಜಾಗ ಮಾಡಿರುವುದಿಲ್ಲ. ಡೀಲರ್ ನೇರವಾಗಿ ಬಂಪರಿಗೆ ಡ್ರಿಲ್ ಹೊಡೆಯುತ್ತಾರೆ. ನಾನು ಬೇಡ ಅಂದು, ಗಾಡಿ ಎಳೆಯಲು ಕೊಕ್ಕೆ ಸಿಕ್ಕಿಸುವ ತೂತು ಬಂಪರಿನಲ್ಲೇ ಇರುತ್ತದಲ್ಲ, ಅದಕ್ಕೆ ತಿರುಗಿಸಿ ಕೂರಿಸುವ ಬ್ರಾಕೆಟ್ ತಂದು ಹಾಕಿದೆ. ಆರು ವರ್ಷವಾಯಿತು. ಬಿಚ್ಚಿ ತೂತಿನ ಮುಚ್ಚಳ ಹಾಕಿದರೆ ಬ್ರಾಕೆಟ್ ಇತ್ತು ಅಂತಲೂ ತಿಳಿಯುವುದಿಲ್ಲ.

ಚಳಿಯ ಬಗ್ಗೆ ಪೀಣ್ಯದವರು ಹೇಳಿದ್ದು ಇಲ್ಲಿ ಇನ್ನೂ ನಿಜ. ಜನವರಿಯಲ್ಲಿ ಅಂಟಿಸಿದ ಬೀಡಿಂಗ್ ಅದೇ ವಾರ ಬಿತ್ತು. ಜೂನ್‌ನಲ್ಲಿ ಅಂಟಿಸಿದ್ದು ಹಾಗೇ ಇದೆ.

ಬೆಂಗಳೂರು ದಕ್ಷಿಣ (ಮೇ 9)

ಒಳ್ಳೆಯ ಉಪಾಯ. ಆದರೆ ನಮ್ಮಲ್ಲಿ ನಂಬರ್ ಪ್ಲೇಟಿಗೆ ಇದನ್ನು ಮಾಡಬೇಡಿ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಕಡ್ಡಾಯ. ಅದನ್ನು ಬಿಚ್ಚಲಾಗದ ಸ್ನ್ಯಾಪ್ ಲಾಕ್‌ನಿಂದಲೇ ಕೂರಿಸಿರಬೇಕು.

ಮತ್ತೆ ಮುಂದಿನ ಕಬ್ಬಿಣದ ಗಾರ್ಡ್, ಬುಲ್ ಬಾರ್ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ತೂತಿಲ್ಲದೆ ಚಾಸಿಗೇ ಬಿಗಿಯುತ್ತೇವೆ ಅನ್ನುತ್ತಾರೆ. ತೂತಿನ ಪ್ರಶ್ನೆ ಅಲ್ಲ ಅದು. 2017ರ ಡಿಸೆಂಬರಿನಲ್ಲೇ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇಂಥವುಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡಿ ಅದು ತಪ್ಪು. ನಡೆದು ಹೋಗುವವರಿಗೆ ಏಟು ಜಾಸ್ತಿ ಬೀಳುತ್ತದೆ, ಏರ್‌ಬ್ಯಾಗ್ ತೆರೆಯುವ ಹೊತ್ತೂ ತಪ್ಪಬಹುದು.

ಎಲ್ ಬೋರ್ಡ್, ದಾವಣಗೆರೆ (ಮೇ 10)

ಮಗಳು ಕಾರು ಕಲಿಯುತ್ತಿದ್ದಾಳೆ. ಮ್ಯಾಗ್ನೆಟ್ ಎಲ್ ಬೋರ್ಡ್ ತಂದೆ, ಡಿಕ್ಕಿ ಬಾಗಿಲಿಗೆ ಅಂಟಲೇ ಇಲ್ಲ. ಮ್ಯಾಗ್ನೆಟ್ ಕೆಟ್ಟದ್ದಾ?

ಟಿಂಕರಿಂಗ್ ಶೆಡ್, ತುಮಕೂರು (ಮೇ 10)

ಮ್ಯಾಗ್ನೆಟ್ ಸರಿಯಾಗೇ ಇರುತ್ತದೆ ಸಾರ್. ಈಗ ಕೆಲವು ಕಾರುಗಳ ಡಿಕ್ಕಿ ಬಾಗಿಲು ಪ್ಲಾಸ್ಟಿಕ್ಕಿನದು, ಕೆಲವದರ ಬಾನೆಟ್ ಅಲ್ಯೂಮಿನಿಯಂ. ಬಂಪರಂತೂ ಪ್ಲಾಸ್ಟಿಕ್ಕೇ. ಹಿಂದಿನ ಗಾಜಿನ ಕೆಳಮೂಲೆಗೆ ಒಳಗಿನಿಂದ ಅಂಟಿಸಿ, ನೋಟಕ್ಕೆ ಅಡ್ಡ ಬರದ ಹಾಗೆ. ಬೋರ್ಡ್ 18 ಸೆಂಟಿಮೀಟರ್ ಚೌಕ, ಬಿಳಿ ಮೇಲೆ ಕೆಂಪು ಎಲ್, ಅಕ್ಷರ 10 ಸೆಂಟಿಮೀಟರ್ ಎತ್ತರಕ್ಕೆ ಕಡಿಮೆ ಇರಬಾರದು. ಮುಂದೆಯೂ ಒಂದು ಬೇಕು.

ಮ್ಯಾಗ್ನೆಟ್ ಬಳಸುವವರಿಗೆ ಒಂದು ಮಾತು. ರಾತ್ರಿ ತೆಗೆದಿಡಿ. ಅದನ್ನು ಎಳೆದು ಜಾರಿಸಬೇಡಿ, ಎತ್ತಿ ತೆಗೆಯಿರಿ. ಅಡಿಯಲ್ಲಿ ಸೇರಿದ ಧೂಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ಬಿಟ್ಟರೆ ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿ, ಅಡಿಯದು ಹೊಸದಾಗೇ ಉಳಿದು ಚೌಕ ಕಾಣುತ್ತದೆ.

ಮಲೆನಾಡ ಹಾದಿ, ಕೊಪ್ಪ (ಮೇ 11)

ಕೀಳುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ನಾನು ಹಳೆಯ ಬೀಡಿಂಗ್ ಕಿತ್ತದ್ದು ಹೀಗೆ. ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿದೆ, ಕೈ ಇಟ್ಟರೆ ತಡೆದುಕೊಳ್ಳುವಷ್ಟು ಮಾತ್ರ. ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರವನ್ನು ಎರಡೂ ಕೈಯಲ್ಲಿ ಹಿಡಿದು, ಬೀಡಿಂಗಿನ ಹಿಂದೆ ಗರಗಸದ ಹಾಗೆ ಆಡಿಸಿದೆ. ಫೋಮ್ ನಡುವೆಯೇ ಸೀಳಿ ಬಂತು. ಸ್ಕ್ರೂಡ್ರೈವರ್, ಚಾಕು ಹತ್ತಿರ ಸುಳಿಯಬಾರದು. ಪೇಂಟಿನ ಮೇಲೆ ಉಳಿದ ಫೋಮನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಉಂಡೆ ಮಾಡಿ ತೆಗೆದೆ. ಕೊನೆಯ ಜಿಡ್ಡಿಗೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ, ತಕ್ಷಣ ಶಾಂಪೂ ನೀರಿನಲ್ಲಿ ತೊಳೆದೆ. ಥಿನ್ನರ್ ಹಾಕಬೇಡಿ, ಪೇಂಟನ್ನೇ ಕರಗಿಸುತ್ತದೆ.

ಟಿಂಕರಿಂಗ್ ಶೆಡ್, ತುಮಕೂರು (ಮೇ 11)

ಸರಿಯಾದ ಕ್ರಮ. ಒಂದು ಸೇರಿಸುತ್ತೇನೆ. ಫ್ಯಾಕ್ಟರಿ ಪೇಂಟಾದರೆ ಹೀಗೆ ಕಿತ್ತರೆ ಏನೂ ಆಗುವುದಿಲ್ಲ. ಆದರೆ ಆಕ್ಸಿಡೆಂಟ್ ಆಗಿ ಹೊರಗಡೆ ಪೇಂಟ್ ಮಾಡಿಸಿದ ಬಾಗಿಲಾದರೆ, ಕೆಳಗೆ ಸರಿಯಾಗಿ ಉಜ್ಜದೇ ಹೊಡೆದಿದ್ದರೆ, ಪೇಂಟು ಹಪ್ಪಳದ ಹಾಗೆ ಎದ್ದು ಬರುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದವರು ಒಂದು ತಿಂಗಳು ಯಾವ ಟೇಪೂ, ವ್ಯಾಕ್ಸೂ ಹಾಕಬೇಡಿ. ಒಳಗಿನ ಥಿನ್ನರ್ ಆರಿ ಹೋಗಬೇಕು.

ಬಾಗಿಲಿನ ಅಂಚಿಗೆ ಸಿಕ್ಕಿಸುವ ರಬ್ಬರ್ ಪಟ್ಟಿ ಬಗ್ಗೆಯೂ ಹೇಳಬೇಕು. ಅದರೊಳಗೆ ತಗಡಿನ ಹಲ್ಲು ಇರುತ್ತದೆ, ಪೇಂಟು ಕಚ್ಚುತ್ತದೆ. ಬಾಗಿಲಿನ ಕೆಳಗೂ ಸುತ್ತಿಸಿದರೆ ನೀರು ಹೋಗುವ ತೂತು ಮುಚ್ಚಿ, ಬಾಗಿಲು ಒಳಗಿಂದಲೇ ಕೊಳೆಯುತ್ತದೆ. ಕರಾವಳಿಯವರು ಅದರ ಸುದ್ದಿಗೇ ಹೋಗಬೇಡಿ. ಅಂಚಿಗೆ ಪಿಪಿಎಫ್, ಅಂದರೆ ಪೇಂಟು ಕಾಯುವ ಪಾರದರ್ಶಕ ಫಿಲ್ಮಿನ ತೆಳು ಪಟ್ಟಿ ಅಂಟಿಸಿ, ಸಾಕು.

ಕಡಲತಡಿ, ಕುಂದಾಪುರ (ನವೆಂಬರ್ 9)

ಆರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ನಿಮಗೆಲ್ಲ ಹೇಳದೆ ಇರಲು ಮನಸ್ಸಾಗಲಿಲ್ಲ.

ಕಾರು ಮೇ 27ಕ್ಕೆ ಬಂತು. ಜಾಬ್ ಕಾರ್ಡಿನಲ್ಲಿ ಡ್ರಿಲ್ ಬೇಡ ಅಂತ ಬರೆಸಿದೆ, ಪಕ್ಕದಲ್ಲೇ ನಿಂತೆ. ಮಡ್ ಫ್ಲ್ಯಾಪ್ ನಾಲ್ಕೂ ಲೈನರಿನ ಸ್ಕ್ರೂಗೇ ಕೂತವು. ಹುಡುಗ ಒಂದು ಕಡೆ ಡ್ರಿಲ್ ಕೈಗೆ ತೆಗೆದುಕೊಂಡಿದ್ದ, ನಾನು ತೂತು ತೋರಿಸಿದ ಮೇಲೆ ಅವನೇ ಖುಷಿಯಿಂದ ಸ್ಕ್ರೂ ಹುಡುಕಿ ತಂದ. ವೈಸರ್ ಚಾನೆಲ್‌ನದು ನಮ್ಮ ಮಾಡೆಲಿಗೆ ಸಿಗಲಿಲ್ಲ, ಟೇಪಿನದೇ ತಂದೆ. ಅದನ್ನೂ ಬೀಡಿಂಗನ್ನೂ ಮನೆಯ ಶೆಡ್ಡಿನೊಳಗೆ ನಾನೇ ಅಂಟಿಸಿದೆ. ಒರೆಸಲು ಒಂದು ಗಂಟೆ, ಅಂಟಿಸಲು ಅರ್ಧ ಗಂಟೆ. ಮೂರು ದಿನ ಕಾರು ಹೊರಗೆ ತೆಗೆಯಲಿಲ್ಲ. ಮನೆಯವರಿಗೆಲ್ಲ ಬೇಸರ ಬಂತು, ಆದರೂ ಕಾದೆ.

ಜೂನ್, ಜುಲೈ ಮಳೆ ನಿಮಗೆ ಗೊತ್ತೇ ಇದೆ. ಬೀಡಿಂಗ್ ಒಂದಿಂಚೂ ಅಲ್ಲಾಡಿಲ್ಲ. ಬಲಗಡೆ ಹಿಂದಿನ ವೈಸರಿನ ತುದಿ ಆಗಸ್ಟಿನಲ್ಲಿ ಎದ್ದಿತು. ಅಲ್ಲಿ ಬಾಗು ಸರಿ ಹೊಂದುತ್ತಿರಲಿಲ್ಲ, ಅಂಟಿಸುವಾಗಲೇ ಅನುಮಾನ ಇತ್ತು. ಪೂರ್ತಿ ದಾರದಿಂದ ಸೀಳಿ ತೆಗೆದು, ಬಿಸಿ ಮಾಡಿ ಬಗ್ಗಿಸಿ, ಹೊಸ ಟೇಪು ಹಾಕಿದೆ. ಪೇಂಟಿನ ಮೇಲೆ ಗುರುತೂ ಇಲ್ಲ. ಕ್ಲ್ಯಾಂಪ್ ಕ್ಯಾರಿಯರಿನಲ್ಲಿ ಎರಡು ಸಲ ಶಿರಸಿಗೆ ಹೋಗಿ ಬಂದೆವು. ಅಕ್ಕಿ ಒಳಗೇ ಇಟ್ಟೆವು.

ಮಂಡ್ಯದ ಅಕ್ಕ, ಆಯುಧಪೂಜೆಗೆ ಹಾರ ನೀವು ಹೇಳಿದ ಹಾಗೇ ಕಟ್ಟಿದೆವು. ಬಾಳೆಕಂದಿನ ತುದಿಗೆ ಅಮ್ಮ ಹಾಲಿನ ಕವರ್ ಕಟ್ಟಿದರು.

ಮೊನ್ನೆ ಕಾರು ತೊಳೆಯುವಾಗ ಹಿಂದಿನ ಚಕ್ರದ ಮೇಲಿನ ಅಂಚಿಗೆ ಬೆರಳಾಡಿಸಿ ನೋಡಿದೆ. ನುಣ್ಣಗಿದೆ. ಹಳೆಯ ಕಾರಿನಲ್ಲಿ ಗುಳ್ಳೆ ಎದ್ದದ್ದು ಎರಡನೇ ಮಳೆಗಾಲದಲ್ಲಿ. ಹಾಗಾಗಿ ಮುಂದಿನ ವರ್ಷ ಮಳೆ ಮುಗಿದ ಮೇಲೂ ಬರೆಯುತ್ತೇನೆ.

ಮೊದಲ ಕಾರು, ಮೈಸೂರು (ನವೆಂಬರ್ 9)

ನನ್ನ ನಾಲ್ಕು ತೂತುಗಳಿಗೂ ಜಿಂಕ್ ಪ್ರೈಮರ್ ಹಚ್ಚಿಸಿ ಮುಚ್ಚಿಸಿದೆ. ಮಳೆಗಾಲ ಕಳೆದ ಮೇಲೆ ಒಂದು ಗ್ರೊಮೆಟ್ ತೆಗೆದು ನೋಡಿದೆ, ಒಳಗೆ ಒಣಗಿಯೇ ಇದೆ. ಕುಂದಾಪುರದವರೇ, ಫ್ಲ್ಯಾಪಿಗೆ ಹಾಕಿದ ಉದ್ದದ ಸ್ಕ್ರೂ ಸ್ಟೀಲಿನದಾ?

ಕಡಲತಡಿ, ಕುಂದಾಪುರ (ನವೆಂಬರ್ 10)

ಹೌದು, ಸ್ಟೇನ್‌ಲೆಸ್ ಸ್ಟೀಲ್. ಮೊದಲಿನದಕ್ಕಿಂತ ಅರ್ಧ ಸೆಂಟಿಮೀಟರ್ ಉದ್ದ. ಹಳೆಯ ಸ್ಕ್ರೂಗಳನ್ನು ಒಂದು ಕವರಿನಲ್ಲಿ ಹಾಕಿ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಟ್ಟಿದ್ದೇನೆ.